ಫ್ಯಾಷನ್ ಡಿಸೈನ್ ಓದಿ ಕಾಸ್ಟ್ಯೂಮ್ ಕಡೆ ಹೋದ್ರೆ ಓದಿದ್ದು ದಂಡ ಆಗುತ್ತಾ?

ಬೆಣ್ಣೆನಗರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವಳು ನಾನು, ಫ್ಯಾಷನ್ ಡಿಸೈನ್ ಡಿಗ್ರಿ ಕೊನೇ ವರ್ಷ. ಜೊತೆಯವರೆಲ್ಲ ಬುಟಿಕ್ ಇಡೋದು, ಮದುವೆ ಬ್ಲೌಸಿಗೆ ಆರಿ ಕೆಲಸ ಮಾಡಿಸೋದು, ಇಲ್ಲಾಂದ್ರೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಮರ್ಚಂಡೈಸರ್ ಆಗೋದು ಅಂತ ಗೊತ್ತು ಮಾಡ್ಕೊಂಡಿದ್ದಾರೆ. ನನಗೆ ಮಾತ್ರ ಹೋದ ವರ್ಷ ಕಾಲೇಜಿನ ನಾಟಕಕ್ಕೆ ಬಟ್ಟೆ ಮಾಡಿಕೊಟ್ಟಾಗಿನಿಂದ ಬೇರೆ ಯಾವುದರಲ್ಲೂ ಮನಸ್ಸು ನಿಲ್ತಿಲ್ಲ. ಹನ್ನೊಂದು ಪಾತ್ರ, ಒಂಬತ್ತು ಸಾವಿರ ರೂಪಾಯಿ ಖರ್ಚು. ಮುದುಕಿ ಪಾತ್ರದ ಹುಡುಗಿಗೆ ನಮ್ಮಜ್ಜಿಯ ಹಳೇ ಹತ್ತಿ ಸೀರೆ ಉಡಿಸಿದ್ದೆ. ಉಟ್ಟ ತಕ್ಷಣ ಅವಳು ನಡೆಯೋ ರೀತಿನೇ ಬೇರೆ ಆಯ್ತು. ಸೆರಗನ್ನ ಸೊಂಟಕ್ಕೆ ಸಿಕ್ಕಿಸ್ಕೋ ಅಂತ ಯಾರೂ ಹೇಳಿರಲಿಲ್ಲ, ತಾನೇ ಸಿಕ್ಕಿಸ್ಕೊಂಡಳು. ಪರದೆ ಮರೆಯಲ್ಲಿ ನಿಂತು ನೋಡ್ತಿದ್ದ ನನಗೆ ಕಣ್ಣು ತುಂಬಿ ಬಂತು.

ಇದನ್ನೇ ಮಾಡ್ತೀನಿ ಅಂದಾಗ ಪಾಠ ಹೇಳೋ ಮೇಡಂ ಒಬ್ಬರು, "ಡಿಸೈನರ್ ಅಂದ್ರೆ ತನ್ನದೇ ಹೆಸರಿನ ಲೇಬಲ್ ಇರಬೇಕು, ಕಾಸ್ಟ್ಯೂಮ್ ಅಂದ್ರೆ ಬೇರೆಯವರ ಕಥೆಗೆ ಬಟ್ಟೆ ಹೊಂದಿಸೋದು ಅಷ್ಟೇ" ಅಂದ್ರು. ಅಪ್ಪ, "ಇಷ್ಟು ವರ್ಷ ಫೀಸು ಕಟ್ಟಿದ್ದು ನಾಟಕದೋರ ಬಟ್ಟೆ ಗಂಟು ಹೊರೋಕಾ?" ಅಂದ್ರು. ಬೈದು ಅಂದಿದ್ದಲ್ಲ, ನಿಜವಾಗಿ ಭಯ ಬಿದ್ದು ಕೇಳಿದ್ರು.

ಎರಡೂ ಮಾಡಿದವರು ಯಾರಾದ್ರೂ ಇದ್ದಾರಾ? ಭಾನು ಅಥೈಯಾ ಅನ್ನೋ ಹೆಸರನ್ನ ಆಸ್ಕರ್ ಗೆದ್ದ ಮೊದಲ ಭಾರತೀಯರು ಅಂತ ಜನರಲ್ ನಾಲೆಜ್ ಪುಸ್ತಕದಲ್ಲಿ ಓದಿದ್ದೀನಿ, ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಅವರು ಫ್ಯಾಷನ್ ಬಿಟ್ಟು ಸಿನಿಮಾಕ್ಕೆ ಬಂದ್ರಾ, ಮೊದಲಿಂದಲೂ ಸಿನಿಮಾದವರಾ? ತಿಳಿದವರು ಹೇಳಿ.

ಹಳೇ ರೀಲು

ನಿಮ್ಮ ಪ್ರಶ್ನೆಗೆ ಚಿಕ್ಕ ಉತ್ತರ: ಅವರು ಏನನ್ನೂ ಬಿಡಲಿಲ್ಲ. ಚಿತ್ರ ಬರೀತಿದ್ದವರು ಫ್ಯಾಷನ್ ಚಿತ್ರ ಬರೆದರು, ಅದು ಬಟ್ಟೆ ಆಯ್ತು, ಬಟ್ಟೆ ಸಿನಿಮಾಕ್ಕೆ ಹೋಯ್ತು. ನಾನು ಅವರ ಸಿನಿಮಾಗಳನ್ನ ನೋಡಿದವನು ಅಷ್ಟೇ. ಹೊಲಿಗೆ ಗೊತ್ತಿರೋ ನಮ್ಮ ನಿಪ್ಪಾಣಿಯ ಅಕ್ಕ ಇಲ್ಲಿದ್ದಾರೆ, ಅವರು ಬರೆದರೆ ಸರಿಯಾಗಿರುತ್ತೆ.

ನಿಪ್ಪಾಣಿ ಸೂಜಿ

ತಂಗಿ, ನಿನ್ನ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಮುಂಜಾನೆ ಅಂಗಡಿ ಬಾಗಲಾ ತೆಗಿಯೂಕಿಂತ ಮೊದಲ ಕುಂತು ಬರೀಲಿಕ್ಕೆ ಹತ್ತೀನಿ. ನಿಪ್ಪಾಣಿಯೊಳಗ ನನ್ನ ಹೊಲಿಗಿ ಅಂಗಡಿಗೆ ಈಗ 34 ವರ್ಷ. ಹಗಲೆಲ್ಲಾ ಕುಬಸ, ಚೂಡಿದಾರ, ಫಾಲ್-ಪಿಕೊ. ಸಂಜಿಮುಂದ ಬೆಳಗಾವಿ, ಧಾರವಾಡದ ಹವ್ಯಾಸಿ ತಂಡಗಳ ನಾಟಕದ ಬಟ್ಟಿ. ಎರಡೂ ಒಂದ ಮಷಿನ್ ಮ್ಯಾಲ ಹೊಲದೀನಿ.

ಭಾನು ಅಥೈಯಾ ಅವರು ನಮಗ ದೂರದವರಲ್ಲ. ಕೊಲ್ಲಾಪುರ ನಮ್ಮೂರಿಂದ ಬಸ್ಸಿನ್ಯಾಗ ತಾಸಿನ ಹಾದಿ. ಅಲ್ಲಿ ರಾಜೋಪಾಧ್ಯೆ ಮನೆತನದೊಳಗ 1929ರ ಏಪ್ರಿಲ್ 28ಕ್ಕ ಹುಟ್ಟಿದವರು. ಅಪ್ಪ ಅಣ್ಣಾಸಾಹೇಬರು ಕುಂಚದಿಂದ ಚಿತ್ರ ಬರಿಯೋರು, ಬಾಬುರಾವ್ ಪೇಂಟರ್ ಅವರ ಸಿನಿಮಾದೊಳಗ ಕೆಲಸ ಮಾಡಿದವರು. ಮಗಳು ಇನ್ನೂ ಸಣ್ಣಾಕಿ ಇದ್ದಾಗನ ಅಪ್ಪ ತೀರಿಕೊಂಡರು. ಆದರ ಮನ್ಯಾಗ ಬಣ್ಣ, ಕುಂಚ ಉಳದಿದ್ದವು, ಆ ಹುಡುಗಿ ಅವನ್ನ ಕೈಬಿಡಲಿಲ್ಲ. ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋಗಿ 1951ರಾಗ ಬಂಗಾರದ ಪದಕ ತಗೊಂಡರು. 1953ರಾಗ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನವರ ಜೋಡಿ ಅವರ ಚಿತ್ರಾನೂ ಗ್ವಾಡಿಗೆ ಏರಿದವು. ಹುಸೇನ್, ರಝಾ, ಸೋಜಾ ಅನ್ನೂ ದೊಡ್ಡ ಚಿತ್ರಗಾರರು ಕಟ್ಟಿ ಬೆಳೆಸಿದ ಗುಂಪು ಅದು. ಹೆಣ್ಣುಮಗಳು ಇವರೊಬ್ಬರ.

ಹೊಟ್ಟಿಪಾಡಿಗೆ ಹೆಣ್ಣುಮಕ್ಕಳ ಪತ್ರಿಕೆಗೆ ಫ್ಯಾಷನ್ ಚಿತ್ರ ಬರದು ಕೊಡ್ತಿದ್ದರು, ಈವ್ಸ್ ವೀಕ್ಲಿ ಅಂತ. ಆ ಪತ್ರಿಕೆ ಸಂಪಾದಕಿ ಒಂದು ಬುಟಿಕ್ ತೆಗೆದಾಗ "ಹಾಳಿ ಮ್ಯಾಲ ಬರದದ್ದನ್ನ ಈಗ ಬಟ್ಟಿ ಮ್ಯಾಲ ಮಾಡು" ಅನ್ನೂ ಹಾಂಗ ಇವರ ಕೈಗೆ ಕೊಟ್ಟರು. ಅಲ್ಲಿಗೆ ಬಟ್ಟಿ ಹೊಲಿಸಲಿಕ್ಕೆ ಸಿನಿಮಾ ನಟಿಯರು ಬಂದರು, ಕಾಮಿನಿ ಕೌಶಲ್ ಬಂದರು, ನರ್ಗಿಸ್ ಬಂದರು. ಗಿರಾಕಿ ಹಿಂದ ಗಿರಾಕಿ ಬಂದಂಗ ಸಿನಿಮಾ ಬಂತು. 1956ರ 'ಸಿ.ಐ.ಡಿ.'ಯಿಂದ ಸಿನಿಮಾ ನಿರ್ದೇಶಕ ಗುರುದತ್ತರ ಬಳಗದೊಳಗ ಸೇರಿದರು. ಗುರುದತ್ತ ಹುಟ್ಟಿದ್ದು ಬೆಂಗಳೂರಿನ್ಯಾಗ, ಇದು ಭಾಳ ಮಂದಿಗೆ ಗೊತ್ತಿಲ್ಲ.

ಈಗ ನಿನ್ನ ಮೇಡಂ ಹೇಳಿದ ಮಾತಿಗೆ ಬರ್ತೀನಿ. 'ವಕ್ತ್' ಬಂದದ್ದು 1965ರಾಗ. ಅದರಾಗ ಸಾಧನಾ ಅವರಿಗೆ ಮೈಗೆ ಅಂಟಿದಂಥ ಕಮೀಜ್, ಚೂಡಿದಾರ. ನನಗ ಕತ್ತರಿ ಹಿಡಿಯೋದು ಕಲಿಸಿದ ನಮ್ಮೂರ ಹಿರಿಯ ಮಾಸ್ತರರು ಹೇಳ್ತಿದ್ದರು, ಆ ವರ್ಷ ಬಂದ ಹುಡಿಗ್ಯಾರೆಲ್ಲಾ "ಸಾಧನಾ ಚೂಡಿ" ಅಂತಲೇ ಅಳತಿ ಕೊಡ್ತಿದ್ದರಂತ. 1968ರ 'ಬ್ರಹ್ಮಚಾರಿ'ಯೊಳಗ ಮುಮ್ತಾಜ್ ಉಟ್ಟ ಕೇಸರಿ ಸೀರಿ ನೋಡಿಯೇನು? ಅದು ಉಟ್ಟ ಸೀರಿ ಅಲ್ಲ, ತೊಟ್ಟ ಸೀರಿ. ನಿರಿಗಿ ಮೊದಲ ಹೊಲದು, ಜಿಪ್ ಹಚ್ಚಿದ್ದು. ಕುಣಿಯೋವಾಗ ಎಷ್ಟ ತಿರುಗಿದರೂ ಒಂದು ನಿರಿಗಿ ಜಾರೂದಿಲ್ಲ. ಇವತ್ತ ಆನ್‌ಲೈನ್‌ನ್ಯಾಗ "ರೆಡಿ ಟು ವೇರ್ ಸೀರಿ" ಅಂತ ಮಾರ್ತಾರಲ್ಲ, ಅದನ್ನ ಅವರು ಒಂದು ಹಾಡಿನ ಸಲುವಾಗಿ 1968ರಾಗ ಮಾಡಿದ್ದರು. ನಾಟಕದಾಗ ಒಂದು ಪಾತ್ರ ಒಂದು ನಿಮಿಷದೊಳಗ ವಿಧವಿಯಿಂದ ಮದುಮಗಳಾಗಬೇಕಿತ್ತು, ಆವಾಗ ನಾನು ಇದ ಉಪಾಯ ಮಾಡೀನಿ. ನಿರಿಗಿ ಒಳಗ ಅಸ್ತರದ ಪಟ್ಟಿ ಕೊಟ್ಟು, ಎಡಗಡೆ ನಾಲ್ಕು ದೊಡ್ಡ ಹುಕ್ಕು. ಒಮ್ಮಿನೂ ಕೈಕೊಟ್ಟಿಲ್ಲ.

ಅಂದ್ರ ಅವರ ಫ್ಯಾಷನ್ ಎಲ್ಲಿ ಹೋತು? ಎಲ್ಲಿನೂ ಹೋಗಲಿಲ್ಲ. ಅವರ ಲೇಬಲ್ ಒಂದು ಅಂಗಿ ಕೊರಳಾಗ ಇರಲಿಲ್ಲ, ದೇಶದ ಮಂದಿ ಮೈಮ್ಯಾಲ ಇತ್ತು.

ಇನ್ನೊಂದು ಕಡೆ ನೋಡು. 1966ರಾಗ 'ಆಮ್ರಪಾಲಿ'. ವೈಜಯಂತಿಮಾಲಾ ಅವರಿಗೆ ಬುದ್ಧನ ಕಾಲದ ಬಟ್ಟಿ ಬೇಕು. ಆ ಕಾಲದ ಅರಿವಿ ಒಂದು ತುಂಡರ ಉಳದದ ಏನು? ಅವರು ಅಜಂತಾ ಗುಹಾಕ್ಕ ಹೋಗಿ ಗ್ವಾಡಿ ಮ್ಯಾಲಿನ ಚಿತ್ರ ನೋಡಿ, ಅಲ್ಲಿಯ ಹೆಣ್ಣುಮಕ್ಕಳ ಉಡಿಗಿ-ತೊಡಿಗಿ ನೋಡಿ ಮಾಡಿದರು. ಚಿತ್ರ ಕಲಿತ ಕಣ್ಣು ಅಲ್ಲಿ ಉಪಯೋಗಕ್ಕ ಬಂತು. ನೀನು ಡ್ರೇಪಿಂಗ್, ಪ್ಯಾಟರ್ನ್, ಬಟ್ಟಿ ನೇಯ್ಗಿ ಕಲತೀಯಲ್ಲ, ಅದು ಒಂದೂ ದಂಡ ಆಗೂದಿಲ್ಲ.

'ಗಾಂಧಿ' ಸಿನಿಮಾದ ಬಗ್ಗೆ ಹೇಳದಿದ್ದರ ನನ್ನ ಮನಸ್ಸಿಗೆ ಸಮಾಧಾನ ಇಲ್ಲ. ಅದನ್ನ ನಾನು ಬಟ್ಟಿ ನೋಡಲಿಕ್ಕೆ ಅಂತನ ಏಳೆಂಟು ಸಲ ನೋಡೀನಿ. 1893ರಾಗ ದಕ್ಷಿಣ ಆಫ್ರಿಕಾದ ರೈಲಿನ್ಯಾಗ ಸೂಟು ಹಾಕ್ಕೊಂಡ ಬ್ಯಾರಿಸ್ಟರ್. 1915ರಾಗ ಹಡಗು ಇಳಿಯೋವಾಗ ಕಾಠಿಯಾವಾಡದ ಅಂಗಿ, ಪೇಟಾ. 1921ರ ಸಪ್ಟೆಂಬರಿನ್ಯಾಗ ಮಧುರೈಯೊಳಗ ಅವರು ತುಂಡು ಪಂಚೆಗೆ ಬಂದರು, ಕಡೀತನಾ ಅದ. ಆ ಮನುಷ್ಯಾನ ಬಾಳೆಲ್ಲಾ ಒಂದೊಂದ ಬಟ್ಟಿ ಬಿಚ್ಚಿಡಕೋತ ಹೋಗ್ತದ. ಮಾತು ಕೇಳದನ, ಬರೇ ಅರಿವಿ ನೋಡಿದರನ ಕಥಿ ತಿಳೀತದ. ಇಂಗ್ಲೆಂಡಿನ ಜಾನ್ ಮೊಲ್ಲೊ ಅವರ ಜೋಡಿ ಆ ಕೆಲಸಕ್ಕ 1983ರ ಏಪ್ರಿಲ್ 11ಕ್ಕ ಆಸ್ಕರ್ ಬಂತು. ವೇದಿಕೆ ಮ್ಯಾಲ ನಿಂತು, ಜಗತ್ತಿನ ಕಣ್ಣು ಭಾರತದ ಕಡೆ ತಿರುಗಿಸಿದ್ದಕ್ಕ ಆ ಸಿನಿಮಾದ ನಿರ್ದೇಶಕ ಅಟೆನ್‌ಬರೋ ಅವರಿಗೆ ಧನ್ಯವಾದ ಹೇಳಿದರು.

ಇನ್ನೊಂದು ನನಗ ಭಾಳ ಸೇರೂದು. ಅವರಿಗೆ ಎರಡನೇ ರಾಷ್ಟ್ರಪ್ರಶಸ್ತಿ ತಂದುಕೊಟ್ಟ 'ಲಗಾನ್' ಕಥಿನೂ 1893ರದ. ಒಂದ ವರ್ಷ. ಒಂದು ಸಿನಿಮಾದೊಳಗ ಅದ ವರ್ಷದ ಸೂಟು-ಬೂಟಿನ ವಕೀಲ, ಇನ್ನೊಂದರಾಗ ಮಳಿ ಹಾದಿ ಕಾಯೋ ಹಳ್ಳಿಯ ರೈತರ ದಪ್ಪ ಅಂಗಿ, ಧೋತರ. ಎರಡಕ್ಕೂ ನಡುವ ಇಪ್ಪತ್ತು ವರ್ಷ, ಕೈ ಮಾತ್ರ ಅದ.

ಬೆಣ್ಣೆನಗರಿ ಹುಡುಗಿ

ಅಕ್ಕಾ, ಇದನ್ನ ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಆದ್ರೆ ಟಿ.ವಿ. ಸೌಂಡು ಕಮ್ಮಿ ಮಾಡಿ ಕೇಳಿದ್ರು.

ಒಂದು ಅನುಮಾನ. ನಮ್ಮ ನಾಟಕದಲ್ಲಿ ಅಜ್ಜಿ ಸೀರೆ ಒಂದು ಬಿಟ್ಟು ಉಳಿದಿದ್ದೆಲ್ಲ ಅಂಗಡಿಯಿಂದ ತಂದಿದ್ದು. ಫೋಟೋ ನೋಡಿದ್ರೆ ಎಲ್ಲರೂ ಫ್ಯಾನ್ಸಿ ಡ್ರೆಸ್ ಹಾಕ್ಕೊಂಡ ಹಾಗೆ ಕಾಣ್ತಾರೆ. ಅಳತೆ ಸರಿ ಇದೆ, ಬಣ್ಣ ಸರಿ ಇದೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ.

ವಾರ್ಡ್‌ರೋಬ್ ಟ್ರಂಕು

ಬೆಂಗಳೂರಿನಲ್ಲಿ ಕಾಸ್ಟ್ಯೂಮ್ ಅಸಿಸ್ಟೆಂಟ್ ಆಗಿ ಆರು ವರ್ಷದಿಂದ ಕೆಲಸ ಮಾಡ್ತಿದ್ದೀನಿ, ಸೀರಿಯಲ್ಲು, ಸಿನಿಮಾ ಎರಡೂ. ಹೊಸ ಬಟ್ಟೆ ಯಾಕೆ ಹಾಗೆ ಕಾಣುತ್ತೆ ಅನ್ನೋದನ್ನ ಅಕ್ಕ ಹೇಳ್ತಾರೆ, ನಾನು ಕ್ಯಾಮೆರಾ ಕಡೆಯದು ಹೇಳ್ತೀನಿ.

ಬಟ್ಟೆ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತೆ ಅನ್ನೋದು ಲೆಕ್ಕಕ್ಕಿಲ್ಲ, ಲೈಟು ಬಿದ್ದಾಗ ಹೇಗೆ ಕಾಣುತ್ತೆ ಅನ್ನೋದೇ ಲೆಕ್ಕ. ಅಚ್ಚ ಬಿಳಿ ಬಟ್ಟೆ ಬೆಳಕನ್ನ ಎಸೆದು ಮುಖವನ್ನೇ ಕೊಂದುಬಿಡುತ್ತೆ. ಅದಕ್ಕೇ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಸ್ವಲ್ಪ ಮಂಕು ಮಾಡ್ತೀವಿ. ಕಪ್ಪು-ಬಿಳುಪಿನ ಕಾಲದಲ್ಲಿ ಇನ್ನೂ ಕಷ್ಟ ಇತ್ತು. ಕಣ್ಣಿಗೆ ಬೇರೆ ಬೇರೆಯಾಗಿ ಕಾಣೋ ಕೆಂಪು, ಹಸಿರು ಎರಡೂ ತೆರೆ ಮೇಲೆ ಒಂದೇ ಬೂದು ಆಗಿಬಿಡಬಹುದು. ಆಗ ಉಳಿಯೋದು ಬಟ್ಟೆಯ ಮೈ ಒಂದೇ: ರೇಷ್ಮೆಯ ಮಿಂಚು, ಹತ್ತಿಯ ಒರಟು, ಜರಿಯ ಹೊಳಪು. 'ಸಾಹಿಬ್ ಬೀಬಿ ಔರ್ ಗುಲಾಮ್' ನೋಡಿ. ಅದು 1962ರದ್ದು, ಬಟ್ಟೆ ಭಾನು ಅವರದು, ಕ್ಯಾಮೆರಾ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರದು. ಮೀನಾ ಕುಮಾರಿ ಸೀರೆಯ ಅಂಚಿನ ಮೇಲೆ ಬೆಳಕು ನಿಲ್ಲೋದನ್ನ ನೋಡೋಕೆ ನಾನು ಎಷ್ಟೋ ಸಲ ಅಲ್ಲೇ ಪಾಸ್ ಒತ್ತಿದ್ದೀನಿ. ಇವರಿಬ್ಬರ ಕೆಲಸವನ್ನ ಬಿಡಿಸಿ ನೋಡೋಕೆ ಆಗಲ್ಲ.

ಎರಡನೇದು ಕಂಟಿನ್ಯುಯಿಟಿ. ಇವತ್ತು ಬಾಗಿಲಾಚೆ ಶೂಟ್ ಮಾಡಿದ್ದು, ಇಪ್ಪತ್ತು ದಿನ ಬಿಟ್ಟು ಬಾಗಿಲ ಒಳಗೆ. ತೋಳು ಎಷ್ಟು ಮಡಿಚಿತ್ತು, ಎಷ್ಟನೇ ಗುಂಡಿ ಬಿಚ್ಚಿತ್ತು, ಬೆವರಿನ ಕಲೆ ಎಲ್ಲಿತ್ತು, ಎಲ್ಲದಕ್ಕೂ ಫೋಟೋ ಇಡಬೇಕು. ಫೈಟ್ ಸೀನಿಗೆ ಒಂದೇ ಶರ್ಟು ನಾಲ್ಕೈದು ಮಾಡಿಸಿಡಬೇಕು. 'ಗಾಂಧಿ'ಯ ಅಂತ್ಯಯಾತ್ರೆ ಚಿತ್ರೀಕರಣ ಆಗಿದ್ದು 1981ರ ಜನವರಿ 31ಕ್ಕೆ, ಸುಮಾರು ಮೂರು ಲಕ್ಷ ಜನ ಸೇರಿದ್ದರು. ಕ್ಯಾಮೆರಾ ಮುಂದಿನ ಸಾಲಲ್ಲಿ ಒಬ್ಬ ಪಾಲಿಯೆಸ್ಟರ್ ಬೆರೆಸಿದ ಟೆರಿಕಾಟ್ ಶರ್ಟು ಹಾಕಿ ನಿಂತಿದ್ರೂ 1948 ಹೋಗಿ 1981 ಆಗಿಬಿಡ್ತಿತ್ತು. ಒಂದು ಹಳ್ಳಿ ಜಾತ್ರೆಯ ಸೀನಿಗೆ ಅರವತ್ತು ಜನರನ್ನ ನೋಡ್ಕೊಳ್ಳೋಕೆ ನನಗೆ ಬೆಳಗಿನ ಜಾವ ಮೂರಕ್ಕೆ ಏಳಬೇಕಾಯ್ತು, ಆ ಮೂರು ಲಕ್ಷ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತೆ.

ನಿಮ್ಮಪ್ಪನ ಭಯಕ್ಕೆ ಆಧಾರ ಇದೆ, ಅದನ್ನ ಮುಚ್ಚಿಡಲ್ಲ. ಒಂದು ಪ್ರೊಡಕ್ಷನ್ನಿನವರು ನನ್ನ ಮೂರು ತಿಂಗಳ ದುಡ್ಡು ಇವತ್ತಿಗೂ ಕೊಟ್ಟಿಲ್ಲ. ಬಾಯಿ ಮಾತಿನ ಮೇಲೆ ಕೆಲಸ ಒಪ್ಪಿಕೊಂಡಿದ್ದೆ. ಈಗ ಮೊದಲ ದಿನವೇ ಎಷ್ಟು, ಯಾವಾಗ, ಬಟ್ಟೆ ತರೋ ದುಡ್ಡು ಯಾರ ಕೈಯಿಂದ ಅಂತ ಬರೆಸಿಕೊಳ್ತೀನಿ. ನೀವೂ ಹಾಗೇ ಮಾಡಿ. ಸ್ವಂತ ದುಡ್ಡಲ್ಲಿ ಬಟ್ಟೆ ತಂದು ಬಿಲ್ ಆಮೇಲೆ ಕೊಡ್ತೀನಿ ಅನ್ನಬೇಡಿ. ಕಲಿಯೋಕೆ ಹೆಗ್ಗೋಡಿನ ನೀನಾಸಂ ನಾಟಕ ಶಾಲೆಯಲ್ಲಿ ಒಂದು ವರ್ಷ ಇದ್ದು ಬನ್ನಿ, ನಟನೆ, ಬೆಳಕು, ಬಟ್ಟೆ ಎಲ್ಲವನ್ನೂ ಒಂದೇ ಕಡೆ ನೋಡ್ತೀರಿ. ದೆಹಲಿಯ ಎನ್.ಎಸ್.ಡಿ.ಯಲ್ಲಿ (ರಾಷ್ಟ್ರೀಯ ನಾಟಕ ಶಾಲೆ) ಡಿಸೈನ್ ಬೇರೆಯಾಗಿಯೇ ಕಲಿಸ್ತಾರೆ. ಅಲ್ಲೇ ಓದಿ ಬಂದ ನಮ್ಮ ವೈಶಾಲಿ ಕಾಸರವಳ್ಳಿಯವರು ನಟಿ ಅಂತ ಎಲ್ಲರಿಗೂ ಗೊತ್ತು. 1997ರ 'ತಾಯಿ ಸಾಹೇಬ'ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರೂ ಅವರೇ. ಭಾನು ಅವರಿಗೆ 'ಲೇಕಿನ್', 'ಲಗಾನ್' ಸಿನಿಮಾಗಳಿಗೆ ಬಂದಿತ್ತಲ್ಲ, ಅದೇ ಪ್ರಶಸ್ತಿ.

ನಿಪ್ಪಾಣಿ ಸೂಜಿ

ತಮ್ಮ ಹೇಳಿದ್ದು ಖರೇ ಅದ, ರೊಕ್ಕದ ಮಾತು ಮೊದಲ ಬರಸ್ಕೊ.

ನಿನ್ನ ಫೋಟೋದ ಮಾತಿಗೆ ನನ್ನದೊಂದು ಹೇಳ್ತೀನಿ. ಹದಿನೆಂಟು ವರ್ಷದ ಹಿಂದಿನ ಮಾತು. ಸ್ವಾತಂತ್ರ್ಯ ಹೋರಾಟದ ನಾಟಕ, ಬೆಳಗಾವಿಯ ಹಿಂಡಲಗಾ ಜೇಲಿನ್ಯಾಗ ನಡಿಯೂದು. ನಾನು ಭಾಳ ಹುರುಪಿಲೆ ಖಾದಿ ಭಂಡಾರಕ್ಕ ಹೋಗಿ ಹದಿನಾಲ್ಕು ಧೋತರ, ಹದಿನಾಲ್ಕು ಟೊಪಗಿ, ಅಂಗಿ ಅರಿವಿ ತಂದೆ. ಅಂಗಿಗೆ ಗರಗದ ಖಾದಿನ ಬೇಕು ಅಂತ ಹಟ ಹಿಡಿದು ತರಿಸಿದ್ದೆ. ಹೊಲದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟೆ. ನಾಟಕ ಮುಗಿದ ಮ್ಯಾಲ ಒಬ್ಬ ಅಜ್ಜಾರು ಒಳಗ ಬಂದರು. ಎಂಬತ್ತರ ಮ್ಯಾಲ ವಯಸ್ಸು, ಕೈ ನಡುಗ್ತಿತ್ತು. ಒಬ್ಬ ನಟನ ಅಂಗಿ ಚುಂಗು ಹಿಡಿದು ಬೆರಳಿನ್ಯಾಗ ತಿಕ್ಕಿ ನೋಡಿ, "ಅರಿವಿ ಛಲೋ ಅದ ಅವ್ವಾ, ಆದರ ಇದು ಜೇಲಿನ್ಯಾಗ ಒಂದು ರಾತ್ರಿನೂ ಮಲಗಿಲ್ಲ" ಅಂದರು. ಸಿಟ್ಟಿಲೆ ಅನ್ನಲಿಲ್ಲ. ನಾನು ಅವತ್ತ ರಾತ್ರಿ ನಿದ್ದಿ ಮಾಡಲಿಲ್ಲ.

ಮುಂದಿನ ಪ್ರಯೋಗಕ್ಕ ಹನ್ನೆರಡು ದಿವಸ ಇತ್ತು. ಅವನ್ನೆಲ್ಲಾ ವಾಪಸ್ ತಂದು ಸೋಡಾ ಹಾಕಿ ನಾಲ್ಕು ಸಲ ಕುದಿಸಿ ಒಗದೆ. ಗಂಜಿ ಹೋತು, ಅರಿವಿ ಮೆತ್ತಗಾತು. ಚಹಾ ಕುದಿಸಿದ ನೀರಿನ್ಯಾಗ ಒಂದಿಷ್ಟು ಬರೇ ಅದ್ದಿ ತೆಗದೆ, ಒಂದಿಷ್ಟು ರಾತ್ರಿಯೆಲ್ಲಾ ಬಿಟ್ಟೆ. ಎಲ್ಲಾರೂ ಒಂದ ದಿನ ಜೇಲಿಗೆ ಬಂದಿಲ್ಲಲ್ಲ, ಹಳಬರ ಅರಿವಿ ಹೆಚ್ಚು ಮಾಸಿರಬೇಕು. ಕೊರಳ ಪಟ್ಟಿ, ಮೊಣಕೈ, ಕುಂಡ್ಯಾಗ ಇಟ್ಟಂಗಿ ಚೂರಿನಿಂದ ತಿಕ್ಕಿದೆ, ಎಳಿ ಎದ್ದು ಕಾಣೂತನಾ. ಹಸಿ ಇದ್ದಾಗ ಅಂಗಿ ಕಿಸೆದಾಗ ಸಣ್ಣ ಕಲ್ಲು ತುಂಬಿ ತಂತಿಗೆ ನೇತು ಹಾಕಿದೆ, ಒಣಗಿದಾಗ ಕಿಸೆ ಜೋತು ಬಿದ್ದು ವರ್ಷಗಟ್ಟಲೆ ಕೈ ಹಾಕಿದಂಗ ಕಾಣ್ತಿತ್ತು. ಒಂದು ಅಂಗಿಗೆ ಗುಂಡಿ ಕಿತ್ತು ಬ್ಯಾರೆ ಬಣ್ಣದ ದಾರದಿಂದ ಹಚ್ಚಿದೆ, ಜೇಲಿನ್ಯಾಗ ಬಿಳಿ ದಾರ ಎಲ್ಲಿ ಸಿಗತದ? ಆಮ್ಯಾಲ ನಟರಿಗೆ ಕೊಟ್ಟು, ತಾಲೀಮಿನ್ಯಾಗ ಎಂಟು ದಿನ ಇದನ್ನ ತೊಟಗೋರಿ, ಇದರಾಗ ಕೂಡ್ರಿ, ಮಲಗ್ರಿ ಅಂದೆ. ಬೆವರು, ಮಡಿಕಿ ಬೀಳಬೇಕಾದಲ್ಲಿ ತಾವ ಬಿದ್ದವು.

ನಿಮ್ಮ ಅಜ್ಜಿ ಸೀರಿ ಒಂದ ಯಾಕ ಖರೇ ಕಂಡಿತ್ತು ಅಂದ್ರ, ಅದಕ್ಕ ಇಷ್ಟೆಲ್ಲಾ ಮೊದಲ ಆಗಿತ್ತು. ಆ ಸೀರಿ ಒಲಿ ಮುಂದ ಕುಂತಿತ್ತು, ಬಾವಿಗೆ ಹೋಗಿತ್ತು. ಉಳಿದ ಹತ್ತು ಮಂದಿ ಅರಿವಿಗೆ ಆ ಬಾಳು ನೀನು ಕೊಡಬೇಕು, ಹತ್ತು ದಿವಸದಾಗ. ಅದ ಕೆಲಸ.

ಪೋರ್ಟ್‌ಫೋಲಿಯೋದೊಳಗ ಬರೇ ಸ್ಕೆಚ್ ಇಡಬ್ಯಾಡ. ಒಂದು ಪಾತ್ರ ತಗೊ. ಅಂವ ಏನು ಕೆಲಸ ಮಾಡ್ತಾನ, ಯಾವ ಕೈಯಿಲೆ ಮಾಡ್ತಾನ, ಅಂಗಿ ಎಲ್ಲಿ ಮೊದಲ ಹರೀತದ, ಅದನ್ನ ಮನ್ಯಾಗ ಯಾರು ಹೊಲದು ಕೊಡ್ತಾರ, ಇಷ್ಟು ಬರಿ. ಆ ಅಂಗಿ ಖರೇವಂದ್ರೂ ಮಾಡಿ, ಮೊದಲ ದಿನದ್ದು, ಹತ್ತನೇ ದಿನದ್ದು ಫೋಟೋ ಹಚ್ಚು. ಸಂತಿಗೆ ಹೋಗಿ ಮಂದಿ ರುಮಾಲು ಹೆಂಗ ಸುತ್ತತಾರ, ಇಳಕಲ್ ಸೀರಿ ಉಟ್ಟಾಕಿ ಟೋಪ ಸೆರಗು ಎಲ್ಲಿ ಬರೂವಂಗ ಹೊತಗೋತಾಳ, ಗುಳೇದಗುಡ್ಡದ ಖಣದ ಕುಬಸದ ತೋಳಂಚು ಎಲ್ಲಿಗೆ ನಿಲ್ತದ, ವಹಿಯೊಳಗ ಬರಕೊ. ಭಾನು ಅವರು ಅಜಂತಾಕ್ಕ ಹೋಗಿ ಮಾಡಿದ್ದು ಇದ.

ಇನ್ನೊಂದು ಮಾತು, ಇದು ನನ್ನ ಎದಿಯೊಳಗ ಕುಂತದ. ಆ ಆಸ್ಕರ್ ಬೊಂಬಿಯನ್ನ ಅವರು ಸುಮಾರು ಮೂವತ್ತು ವರ್ಷ ಮನ್ಯಾಗ ಇಟಗೊಂಡು, 2012ರಾಗ ಜ್ವಾಕಿಯಿಂದ ಇಡಲಿ ಅಂತ ಅಮೆರಿಕಾದ ಅಕಾಡೆಮಿಗೆ ತಿರುಗಿ ಕೊಟ್ಟರು. ಶಾಂತಿನಿಕೇತನದಿಂದ ಟಾಗೋರರ ನೊಬೆಲ್ ಪದಕ 2004ರಾಗ ಕಳುವಾತಲ್ಲ, ಆ ಹೆದರಿಕಿ ಅವರಿಗೆ ಇತ್ತು. 2020ರ ಅಕ್ಟೋಬರ್ 15ಕ್ಕ ಅವರು ಹೋದರು. ಬೊಂಬಿಯರ ಭದ್ರ ಐತಿ. ನಮ್ಮಲ್ಲಿ ನಾಟಕ ಮುಗಿದ ಮ್ಯಾಲ ಅರಿವಿ ಏನಾಗ್ತಾವ? ಸ್ಟೇಜ್ ಒರಸಲಿಕ್ಕೆ ಹೋಗ್ತಾವ. ನಾನು ಮಾಡಿದ್ದರಾಗ ಅರ್ಧಕ್ಕರ್ಧ ಹಾಂಗ ಹೋಗ್ಯಾವ. ಉಳಿದದ್ದನ್ನ ಹಳೇ ಹತ್ತಿ ಪಂಚೆಯೊಳಗ ಸುತ್ತಿ, ಬೇವಿನ ತಪ್ಪಲಾ ಹಾಕಿ, ಪ್ರತಿಯೊಂದಕ್ಕೂ ನಾಟಕದ ಹೆಸರು, ಪಾತ್ರದ ಹೆಸರು, ವರ್ಷ ಬರದ ಚೀಟಿ ಹೊಲದು ಟ್ರಂಕಿನ್ಯಾಗ ಇಟ್ಟೀನಿ. ವರ್ಷಕ್ಕೊಮ್ಮೆ ನೆರಳಾಗ ಹರವಿ ಮಡಿಕಿ ಬದಲಿ ಮಾಡ್ತೀನಿ, ಇಲ್ಲಂದ್ರ ಮಡಿಕಿ ಗುಂಟ ಹರೀತಾವ.

ನಿನ್ನ ನಾಟಕದ ಆ ಹನ್ನೊಂದು ಮಂದಿ ಅರಿವಿ ಈಗ ಎಲ್ಲಿ ಅವ?

ಬೆಣ್ಣೆನಗರಿ ಹುಡುಗಿ

ಅಜ್ಜಿ ಸೀರೆ ನಮ್ಮನೆ ಬೀರುವಿನಲ್ಲಿದೆ ಅಕ್ಕಾ. ಉಳಿದಿದ್ದು ಕಾಲೇಜು ಸ್ಟೋರ್ ರೂಮಿನಲ್ಲಿ ಗೋಣಿಚೀಲದಲ್ಲಿದೆ, ಪಕ್ಕದಲ್ಲೇ ಸುಣ್ಣದ ಡಬ್ಬಿಗಳಿವೆ. ಸೋಮವಾರ ಬೀಗದ ಕೈ ಇರೋ ಅಟೆಂಡರ್ ಅಣ್ಣ ಬರ್ತಾರೆ. ಅಪ್ಪ ಸ್ಕೂಟರ್ ತಗೊಂಡು ಬರ್ತೀನಿ, ಚೀಲ ದೊಡ್ಡದಿದ್ರೆ ನೀನೊಬ್ಬಳೇ ಹೊರಬೇಡ ಅಂದಿದ್ದಾರೆ.